ಉಳಿದು ಬಂದಿಲ್ಲ

“ಊಟ ಮಾಡ್ಕೊಂಡು ಹೋಗಬಾರದಿತ್ತಾ?”

ಹಲಗೆಯ ಗೋಡೆಯಾಚೆಯಿಂದ ಈ ಮಾತು ಕೇಳಿದಾಗ ನಾನು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದೆ. ಶಾಲೆ ಬಿಟ್ಟು ಬಹಳ ಹೊತ್ತಾಗಿತ್ತು. ಆಚೆ ಕೋಣೆಯಲ್ಲಿ ಚರಿತ್ರೆಯ ಟೀಚರ್ ಒಬ್ಬಳೇ ಇದ್ದಳು. ಅವಳು ಕೇಳಿದ್ದು ಯಾರನ್ನೂ ಅಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೋರ್ಡು ಒರೆಸುವ ಸದ್ದು ಬಂತು. ಒರೆಸಿದ ಬೋರ್ಡನ್ನೇ ಅವಳು ಮತ್ತೆ ಮತ್ತೆ ಒರೆಸುತ್ತಿದ್ದಳು.

ನಮ್ಮ ಎರಡು ಕೋಣೆಗಳೂ ಮೊದಲು ಒಂದೇ ಉದ್ದನೆಯ ಹಾಲ್ ಆಗಿತ್ತಂತೆ. ಮಕ್ಕಳು ಹೆಚ್ಚಾದಾಗ ನಡುವೆ ಹಲಗೆ ಹೊಡೆದು ಎರಡು ಮಾಡಿದರು. ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ನಮ್ಮ ಗೋಡೆಗೆ ಬಾಯಿಯೂ ಇತ್ತು. ಈಚೆ ನಾನು ಪದ್ಯ ಹೇಳಿಕೊಟ್ಟರೆ ಆಚೆಯವರಿಗೆ ಬಾಯಿಪಾಠ. ಆಚೆ ಯುದ್ಧ ನಡೆದರೆ ಈಚೆ ನನ್ನ ಮಕ್ಕಳು ಗೆದ್ದವರು ಯಾರೆಂದು ಪಿಸುಗುಟ್ಟುತ್ತಿದ್ದರು. ನನಗೆ ಅದರಿಂದ ಬೇಸರವಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪ ಬೆಳಗಿನ ಹೊತ್ತು ರಾಗವಾಗಿ ಪದ್ಯ ಓದುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ನಡುವೆ ಮಾತಾಡಬಾರದು, ಕೆಮ್ಮೂ ಬರಬಾರದು. ಹೀಗೆ ಬೆಳೆದವರಿಗೆ ಆಡುವುದಕ್ಕಿಂತ ಕೇಳುವುದೇ ಸಲೀಸು.

ಆಚೆ ಕೋಣೆಯ ಪಾಠವೂ ಕೇಳುವಂಥದೇ. ಇಸವಿ ಬಾಯಿಪಾಠ ಮಾಡಿಸುವುದೆಂದರೆ ಅವಳಿಗೆ ಆಗದು. “ಇಸವಿ ಅನ್ನೋದು ಗೂಟ ಕಣ್ರೋ, ಹಸು ಅಲ್ಲ,” ಎನ್ನುತ್ತಿದ್ದಳು. ಹೆಡ್‌ಮಾಸ್ಟರ ಕೋಣೆಯಿಂದ ಹೊರಬಿದ್ದ, ಒಂದು ಕೈ ಮುರಿದ ಕುರ್ಚಿಯೊಂದನ್ನು ತಂದು ಬೋರ್ಡಿನ ಮುಂದೆ ಹಾಕಿದ್ದಳು. ಏಳನೇ ತರಗತಿಯ ಪ್ರತಿಯೊಂದು ಮಗುವಿಗೂ ಒಬ್ಬ ದೊಡ್ಡ ಮನುಷ್ಯನ ಬದುಕು. ಕೆರೆ ಕಟ್ಟಿಸಿದ ರಾಣಿ, ಹಡಗಿನಲ್ಲಿ ಭೂಮಿ ಸುತ್ತಿದ ನಾವಿಕ, ಊರಿಗೆ ಬಂದ ಕಾಯಿಲೆ ಬಾವಿಯ ನೀರಿನಿಂದ ಎಂದು ಕಂಡುಹಿಡಿದ ವೈದ್ಯ. ಓದಿಕೊಂಡು ಬಂದು ಕುರ್ಚಿಯಲ್ಲಿ ಕೂರಬೇಕು. ಕೂತ ಮೇಲೆ ‘ಅವರು’ ಎನ್ನುವಂತಿಲ್ಲ, ‘ನಾನು’ ಎಂದೇ ಮಾತಾಡಬೇಕು. ತರಗತಿಯವರು ಏನು ಬೇಕಾದರೂ ಕೇಳಬಹುದು. ಕುರ್ಚಿಯಲ್ಲಿ ಕೂತವರಿಗೆ ತಮ್ಮ ಸಾವು ಮಾತ್ರ ಗೊತ್ತಿರುವುದಿಲ್ಲ. ಯಾರಾದರೂ ಆ ಪ್ರಶ್ನೆ ಕೇಳಿದರೆ “ನಾನಿನ್ನೂ ಬದುಕಿದೀನಲ್ಲಪ್ಪ!” ಎಂದರಾಯಿತು. ಪುಸ್ತಕದಲ್ಲೆಲ್ಲೂ ಸಿಗದ್ದನ್ನು ಕೇಳಿದರೆ ಹೇಳಬೇಕಾದ ಮಾತು ಒಂದೇ: “ಉಳಿದು ಬಂದಿಲ್ಲ.”

ಒಂದು ದಿನ ಗುಂಡ ಎಂದು ಎಲ್ಲರೂ ಕರೆಯುವ ಹುಡುಗ ಚಕ್ರವರ್ತಿಯಾಗಿ ಕೂತಿದ್ದ.

“ಮಹಾಪ್ರಭು, ನಿಮಗೆ ಎಷ್ಟು ಜನ ಹೆಂಡ್ತಿಯರು?”

“ತುಂಬಾ ಜನ.”

“ಎಲ್ಲರ ಹೆಸರೂ ನೆನಪಿತ್ತಾ?”

“ಇಲ್ಲ. ಎಲ್ಲರಿಗೂ ‘ಏ ಇವಳೇ’ ಅಂತಿದ್ದೆ.”

“ಎಲ್ಲಿ ಓದಿದ್ಯೋ ಇದನ್ನ?” ಟೀಚರ್ ದನಿ.

“ನಮ್ಮಪ್ಪ ಅಮ್ಮನ್ನ ಹಾಗೇ ಕರೆಯೋದು ಟೀಚರ್.”

“ಅದು ನಿಮ್ಮಪ್ಪನ ಚರಿತ್ರೆ. ಚಕ್ರವರ್ತಿದು ಹೇಳು.”

“ಉಳಿದು ಬಂದಿಲ್ಲ ಟೀಚರ್,” ಎಂದ ಗುಂಡ, ಸೋತ ರಾಜನ ಹಾಗೆ. ಹಲಗೆಯ ಎರಡೂ ಬದಿ ನಗು.

ನಗು ಅಡಗಿದ ಮೇಲೆ ಅವಳು ಮೆಲ್ಲಗೆ ಹೇಳಿದ್ದು ನನಗಿನ್ನೂ ನೆನಪಿದೆ. “ಗೊತ್ತಿಲ್ಲ ಅನ್ನೋದು ಸೋಮಾರಿ ಮಾತು. ಉಳಿದು ಬಂದಿಲ್ಲ ಅನ್ನೋದು ಹುಡುಕಿ ಸೋತವರ ಮಾತು. ಆ ಜಾಗ ಖಾಲಿ ಬಿಡಬೇಕು. ಅಲ್ಲಿ ಸುಳ್ಳು ತುಂಬಿದ್ರೆ ಸತ್ತವರಿಗೆ ಎರಡನೇ ಸಲ ಮಣ್ಣು ಹಾಕಿದ ಹಾಗೆ.”

ಅವಳ ಗಂಡ ನಮ್ಮದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಕಾರಿಡಾರಿನ ಕೊನೆಯ ಕೋಣೆ ಅವರದು. ಕುದುರೆ ಬರೆದರೆ ಗೊರಸನ್ನು ಮಾತ್ರ ಹುಲ್ಲಿನಲ್ಲಿ ಮುಚ್ಚಿಬಿಡುತ್ತಿದ್ದರು. ಮಕ್ಕಳಿಗೆಲ್ಲ ಅಡ್ಡಹೆಸರು ಇಟ್ಟವರು ಅವರೇ. ಪೆನ್ಸಿಲಿನ ತುದಿ ಕಡಿಯುತ್ತಿದ್ದ ಒಂದು ಸಣ್ಣ ಹುಡುಗಿಗೆ ‘ಅಳಿಲು’ ಎಂದರು. ಹಾಜರಿ ಕೂಗುವಾಗ ಬಿಟ್ಟರೆ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಹೆಂಡತಿಗೂ ಒಂದು ಹೆಸರು ಇಟ್ಟಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ “ಮಹಾರಾಣಿ, ನನ್ನ ಕನ್ನಡಕ ಕಂಡ್ಯಾ?” ಎನ್ನುವರು. ಅವಳು “ನಿಮ್ಮ ತಲೆ ಮೇಲೇ ಇದೆ, ಮಹಾರಾಜರ ಕಿರೀಟದ ಹಾಗೆ,” ಎನ್ನುವಳು. ಅವರಿಗೆ ಮಕ್ಕಳಿರಲಿಲ್ಲ.

ಶಾಲೆಯ ನಾಟಕಕ್ಕೆ ಆಕಾಶದ ಪರದೆ ಬೇಕಿತ್ತು. ಮೇಷ್ಟ್ರು ಮನೆಯ ಪೆಟ್ಟಿಗೆಯಲ್ಲಿದ್ದ ಅವಳ ಒಳ್ಳೆಯ ಬೆಡ್‌ಶೀಟನ್ನು ಹೇಳದೆ ಕೇಳದೆ ತಂದು ನೀಲಿ ಬಳಿಯತೊಡಗಿದರು. ಅದು ಅವಳ ತಾಯಿ ಅಂಚಿಗೆ ಹೂವು ಹೆಣೆದು ಕೊಟ್ಟದ್ದು. ಮರುದಿನ ಬೆಳಗ್ಗೆ ಅವಳು ಬಡಿಸುತ್ತ ಅದನ್ನು ಕೇಳಿದಳು. ಅವರು “ಮಕ್ಕಳಿಗೆ ತಾನೇ?” ಎಂದರು. ಅವಳ ಬಾಯಿಂದ ಬಂದುಬಿಟ್ಟಿತು: “ಹಾಗಿದ್ರೆ ಹೋಗಿ, ಊಟಾನೂ ನಿಮ್ಮ ಆ ಮಕ್ಕಳ ಹತ್ರಾನೇ ಮಾಡ್ಕೊಳ್ಳಿ.” ಅವರು ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದು ಎದ್ದರು. ಹೋಗಿ ಬರುತ್ತೇನೆ ಎನ್ನಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆ ಮನೆಯಲ್ಲಿ ಆ ಬೆಳಗ್ಗೆ ಎರಡೂ ಕೆಟ್ಟವು. ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಅವರು ಡ್ರಾಯಿಂಗ್ ಕೋಣೆಯಲ್ಲಿ, ಬಹುಪಾಲು ನೀಲಿಯಾದ ಆ ಬಟ್ಟೆಯ ಪಕ್ಕದಲ್ಲಿ ಕುಸಿದುಬಿದ್ದರು. ಎದೆಬಡಿತ ನಿಂತುಹೋಗಿತ್ತು.

ಆ ಬೆಳಗ್ಗೆ ಅವರ ಜೊತೆ ಆ ಕೋಣೆಯಲ್ಲಿದ್ದದ್ದು ಅಳಿಲು ಒಬ್ಬಳೇ. ಬ್ರಷ್ಷು ತೊಳೆಯುತ್ತಿದ್ದಳು.

ಇಷ್ಟನ್ನೂ ಚರಿತ್ರೆಯ ಟೀಚರ್ ನನಗೆ ಒಂದೇ ಸಲ ಹೇಳಿದಳು, ಒಂದು ಹನಿ ಕಣ್ಣೀರೂ ಇಲ್ಲದೆ. ಕೊನೆಗೆ, “ಅಕ್ಕ, ಕೋಪ ಇಟ್ಕೊಂಡೇ ಹೋದ್ರಾ ಅಂತ ಅಷ್ಟು ಗೊತ್ತಾದ್ರೆ ಸಾಕು ನಂಗೆ,” ಎಂದಳು. ಅಳಿಲನ್ನು ಮಾತ್ರ ಅವಳು ಕೇಳಿರಲಿಲ್ಲ. ಕೇಳಲು ಧೈರ್ಯವಿರಲಿಲ್ಲವೆಂದು ನನಗೆ ಗೊತ್ತಿತ್ತು.

ವರ್ಷದ ಕೊನೆಯ ಪಾಠಗಳಲ್ಲಿ ಮಕ್ಕಳು ತಮಗೆ ಬೇಕಾದವರನ್ನು ಆರಿಸಿಕೊಳ್ಳಬಹುದಿತ್ತು. “ಪುಸ್ತಕದಲ್ಲಿ ಹೆಸರು ಇರಬೇಕು ಅಂತೇನಿಲ್ಲ. ನಿಮ್ಮ ಲೆಕ್ಕದಲ್ಲಿ ದೊಡ್ಡವರಾಗಿದ್ರೆ ಆಯ್ತು,” ಎಂದಿದ್ದಳು. ಅಳಿಲಿನ ಸರದಿ ಬಂದ ದಿನ ಆಚೆ ಕೋಣೆ ಇದ್ದಕ್ಕಿದ್ದಂತೆ ತಣ್ಣಗಾಯಿತು. ನಾನು ಪದ್ಯದ ಅರ್ಧ ಸಾಲಿನಲ್ಲಿದ್ದೆ. ಅಲ್ಲೇ ನಿಂತೆ.

“ನಾನು ಈ ಶಾಲೆ ಡ್ರಾಯಿಂಗ್ ಮೇಷ್ಟ್ರು,” ಎಂದಿತು ಒಂದು ಸಣ್ಣ ದನಿ.

ಕಾರಿಡಾರಿನ ಕೊನೆಯ ಕೋಣೆಯ ಮೊಳೆಯಲ್ಲಿ ನೇತಾಡುತ್ತಿದ್ದ ಅವರ ಬಣ್ಣದ ಏಪ್ರನ್ ಅನ್ನು ಅವಳು ತೊಟ್ಟುಕೊಂಡು ಬಂದಿದ್ದಳಂತೆ. ಅದು ಅವಳ ಕಾಲಿನ ಗಂಟಿನವರೆಗೆ ಬರುತ್ತಿತ್ತು. ಯಾರೂ ನಗಲಿಲ್ಲ. ಕೊನೆಗೆ ಗುಂಡನೇ ಧೈರ್ಯ ಮಾಡಿದ.

“ಸರ್, ಕುದುರೆ ಕಾಲು ಯಾಕೆ ಯಾವಾಗ್ಲೂ ಹುಲ್ಲಲ್ಲಿ ಮುಚ್ತೀರಿ?”

“ಗೊರಸು ಬರೆಯಕ್ಕೆ ಬರಲ್ಲ ಕಣೋ, ಅದಕ್ಕೆ! ಯಾರಿಗೂ ಹೇಳ್ಬೇಡ.”

ನಗು ಚಿಮ್ಮಿತು. ಆಮೇಲೆ ಪ್ರಶ್ನೆಗಳು ಮಳೆ ಸುರಿದಂತೆ ಬಂದವು. ನೀಲಿಗೆ ಏನು ಬೆರೆಸಿದರೆ ಮೋಡದ ಬಣ್ಣ, ನನ್ನ ಚಿತ್ರಕ್ಕೆ ಯಾಕೆ ಕಮ್ಮಿ ಮಾರ್ಕು, ನಮ್ಮೆಲ್ಲರಲ್ಲಿ ನಿಮಗೆ ಯಾರು ಇಷ್ಟ. ಎಲ್ಲಕ್ಕೂ ಅವಳ ಬಳಿ ಉತ್ತರವಿತ್ತು. ಎರಡು ವರ್ಷ ಅವರ ಬ್ರಷ್ಷು ತೊಳೆದವಳಲ್ಲವೇ. ಅಷ್ಟರಲ್ಲಿ ಕೋಣೆಯ ಹಿಂದಿನ ಸಾಲಿನಿಂದ ದೊಡ್ಡವರ ದನಿಯೊಂದು ಕೇಳಿತು. ಟೀಚರಿನ ದನಿ. ಆದರೆ ಪಾಠ ಮಾಡುವ ದನಿಯಲ್ಲ.

“ಆ ದಿನ ಬೆಳಗ್ಗೆ ಮನೆಯಿಂದ ಹೊರಟ್ರಲ್ಲ. ಬೆಡ್‌ಶೀಟಿನ ಜಗಳಕ್ಕೆ ನನ್ನ ಮೇಲೆ ಕೋಪ ಇತ್ತಾ?”

ನನ್ನ ಕೋಣೆಯ ಮಕ್ಕಳೂ ಹಲಗೆಗೆ ಕಿವಿ ಕೊಟ್ಟಿದ್ದರು. ಹೇಳಬೇಕಾದ ಮಾತು ಯಾವುದೆಂದು ಎರಡೂ ಕೋಣೆಗಳ ಎಲ್ಲ ಮಕ್ಕಳಿಗೂ ಗೊತ್ತಿತ್ತು. ಅಳಿಲಿಗೂ ಗೊತ್ತಿತ್ತು. ಆದರೆ ಅವಳು ಟೀಚರಿನ ಮುಖ ನೋಡಿರಬೇಕು.

“ಇಲ್ಲ,” ಎಂದಳು. “ಸಂಜೆ ಬರುವಾಗ ಹೊಸ ಬೆಡ್‌ಶೀಟು ತರೋಣ ಅಂತಿದ್ದೆ.”

ಗಂಟೆ ಹೊಡೆಯಿತು. ಮಕ್ಕಳು ಸದ್ದಿಲ್ಲದೆ ಹೊರಗೆ ಹೋದರು. ಹಲಗೆಯಾಚೆ ಅವಳು ಅತ್ತಳು. ಗಂಡ ಸತ್ತ ದಿನ ಅಳದವಳು ಅಂದು ಅತ್ತದ್ದು ಕೇಳಿ ನಾನು ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದೆ. ಗಂಟು ಬಿಚ್ಚಿತು ಎಂದುಕೊಂಡೆ.

ಮರುದಿನ ಶಾಲೆ ಬಿಟ್ಟ ಮೇಲೆ ಆಚೆ ಕೋಣೆಯಲ್ಲಿ ಊಟದ ಡಬ್ಬಿ ತೆರೆಯುವ ಸದ್ದು ಕೇಳಿತು.

“ತಿನ್ನು. ಅವತ್ತಿನ ಅಡುಗೇನೇ. ಅನ್ನ, ಹುರಿದ ಬೀನ್ಸು.”

“ಟೀಚರ್, ನನ್ನ ಊಟ ಆಗಿದೆ...”

“ಟೀಚರ್ ಅಲ್ಲ ಪುಟ್ಟಿ. ಕುರ್ಚೀಲಿ ಕೂತಿದೀಯಲ್ಲ? ಅವರು ನನ್ನ ಏನಂತ ಕರೀತಿದ್ರು?”

“ಮಹಾರಾಣಿ.”

“ಹೇಗಿದೆ ಊಟ?”

“ಚೆನ್ನಾಗಿದೆ.”

“ಉಪ್ಪು?”

“ಸರಿಯಾಗಿದೆ.”

“ಅವರು ಯಾವತ್ತೂ ಸರಿಯಾಗಿದೆ ಅಂದವರಲ್ಲ. ಒಂಚೂರು ಕಮ್ಮಿ ಅನ್ನು.”

“ಒಂಚೂರು ಕಮ್ಮಿ, ಮಹಾರಾಣಿ.”

ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ಆ ನಗುವಿಗೆ ನನ್ನ ಮೈ ಜುಮ್ಮೆಂದಿತು. ಖುಷಿಯಿಂದಲ್ಲ.

ಮತ್ತೆ ಮರುದಿನವೂ ಡಬ್ಬಿ ಬಂತು. ಅದರ ಮರುದಿನವೂ. ಉತ್ತರಗಳು ಬೆಳೆಯುತ್ತ ಹೋದವು. ದಾರಿಯಲ್ಲಿ ನಿನ್ನನ್ನೇ ನೆನೆದುಕೊಂಡೆ, ಅಂಗಡಿಯ ಮುಂದೆ ನಿಂತು ಹೂವಿನ ಅಂಚಿನ ಬಟ್ಟೆ ನೋಡಿದೆ, ತುತ್ತು ಬಿಟ್ಟು ಎದ್ದದ್ದು ತಪ್ಪಾಯಿತು. ಮೊದಲ ದಿನ ಮಗು ಒಂದು ಉತ್ತರ ಕಟ್ಟಿತ್ತು. ಈಗ ಟೀಚರೇ ಅರ್ಧ ಸಾಲು ಎಳೆದುಕೊಡುತ್ತಿದ್ದಳು. ಮಗು ಉಳಿದರ್ಧ ತುಂಬುತ್ತಿತ್ತು. ಪದ್ಯ ಹೇಳಿಕೊಡುವಾಗ ನಾನು ಮಾಡುವುದೂ ಅದನ್ನೇ.

ಅಪ್ಪನ ವಾಚನಕ್ಕೆ ಒಬ್ಬ ಮುದುಕಿ ಬರುತ್ತಿದ್ದಳು. ಮಗನನ್ನು ಕಳೆದುಕೊಂಡ ತಾಯಿ ಅಳುವ ಒಂದು ಪದ್ಯ ಬಂದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಳು. “ಇನ್ನೊಂದ್ಸಲ ಹೇಳಪ್ಪ,” ಎಂದು ಬೇಡುವಳು. ಅಪ್ಪ ಹೇಳುತ್ತಿರಲಿಲ್ಲ. ಪುಟ ತಿರುವಿ ಮುಂದೆ ಹೋಗುತ್ತಿದ್ದರು. ಕಟುಕ ಎಂದು ನನಗೆ ಆಗ ಸಿಟ್ಟು ಬರುತ್ತಿತ್ತು.

ಅಳಿಲು ಬೆಳೆದದ್ದು ಅಜ್ಜಿಯ ಮನೆಯಲ್ಲಿ. ಅಜ್ಜಿ ಬಟ್ಟೆ ಹೊಲಿಯುವವಳು. ಕುತ್ತಿಗೆಗೆ ಅಳತೆಯ ಟೇಪು ನೇತುಹಾಕಿಕೊಂಡೇ ಒಂದು ದಿನ ಶಾಲೆಗೆ ಬಂದಳು. ಚರಿತ್ರೆಯ ಟೀಚರನ್ನು ಕೇಳದೆ ನೇರ ನನ್ನ ಕೋಣೆಗೆ ಬಂದಳು.

“ಯಾಕಮ್ಮ, ನಮ್ಮ ಹುಡುಗಿ ಮನೇಲಿ ಊಟಾನೇ ಮುಟ್ಟಲ್ಲ? ಕೇಳಿದ್ರೆ ಸರ್ ಊಟ ಮಾಡಿದಾರೆ ಅಂತಾಳೆ. ಯಾವ ಸರ್ ಅಂದ್ರೆ ಅಳ್ತಾಳೆ. ನಾನು ದಿನಾ ಸುಳ್ಳು ಹೇಳ್ತಿದೀನಿ ಅಜ್ಜಿ, ಬಿಡಕ್ಕಾಗ್ತಿಲ್ಲ ಅಂತಾಳೆ. ಪೆನ್ಸಿಲ್ ಕೂಡ ಕಡಿಯಲ್ಲ ಈಗ. ಎಷ್ಟು ಬೈದ್ರೂ ಬಿಡದವಳು.”

ನಾನು ಇದ್ದದ್ದನ್ನು ಹೇಳಿದೆ. ಅಜ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು.

“ಪಾಪ ಆಯಮ್ಮಂದು ದೊಡ್ಡ ದುಃಖ. ನಾನೂ ಗಂಡನ್ನ ಕಳ್ಕೊಂಡವಳೇ, ನಂಗೊತ್ತು. ಆದ್ರೆ ನೋಡಮ್ಮ, ಸಾವಿರ ಸುಳ್ಳು ಹೇಳಿ ಮದುವೆ ಮಾಡು ಅಂತಾರೆ. ಸಾವಿರ ಸುಳ್ಳು ಹೇಳಿ ಸಂಸಾರ ಮಾಡಕ್ಕಾಗುತ್ತಾ? ಅದೂ ಈ ಅಂಗೈ ಅಗಲದ ಮಗು ಕೈಲಿ?”

ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನು ಚರಿತ್ರೆಯ ಟೀಚರ್ ಪಕ್ಕದಲ್ಲಿ ಕೂತೆ. ಅವಳು ಸಂಜೆಯ ಡಬ್ಬಿಯನ್ನು ಟವಲಿನಲ್ಲಿ ಸುತ್ತಿ ಬೆಚ್ಚಗಿಡುತ್ತಿದ್ದಳು.

“ಮಗು ಕಣೇ ಅದು,” ಎಂದೆ.

“ಅರ್ಧ ಗಂಟೆ ಅಕ್ಕ. ಅರ್ಧ ಗಂಟೆ ಮಾತ್ರ.”

“ಸುಳ್ಳು ತುಂಬಿದ್ರೆ ಎರಡನೇ ಸಲ ಮಣ್ಣು ಹಾಕಿದ ಹಾಗೆ ಅಂತ ನೀನೇ ಹೇಳ್ತಿದ್ದೆ.”

ಅವಳು ಟವಲಿನ ಗಂಟು ಬಿಗಿ ಮಾಡಿದಳು. ನನ್ನ ಕಡೆ ನೋಡಲಿಲ್ಲ.

“ನೀವು ದಿನಾ ಬೆಳಗ್ಗೆ ಸಂಜೆ ಕಣ್ಣು ಮುಚ್ಚಿ ದೇವರ ಹತ್ರ ಮಾತಾಡ್ತೀರಿ. ಅವನು ಉತ್ತರ ಕೊಡ್ತಾನಾ ಅಂತ ನಾನು ಯಾವತ್ತಾದ್ರೂ ನಿಮ್ಮನ್ನ ಕೇಳಿದೀನಾ ಅಕ್ಕ?”

ಅಂದು ಸಂಜೆ ಪ್ರಾರ್ಥನೆಗೆ ಕೂತಾಗ ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಹುಟ್ಟಿದಾಗಿನಿಂದ ಬಾಯಲ್ಲಿದ್ದ ಪದ್ಯ ಅದು. ದೀಪದ ಮುಂದೆ ಸುಮ್ಮನೆ ಕೂತೆ. ಅವಳ ಪ್ರಶ್ನೆಗೆ ನನ್ನಲ್ಲಿದ್ದದ್ದು ಇಷ್ಟೇ: ಉತ್ತರ ಬಾರದಿದ್ದಾಗ ನಾನು ಸುಮ್ಮನೆ ಕೂರುತ್ತೇನೆ, ಇನ್ನೊಬ್ಬರ ಬಾಯಲ್ಲಿ ಅದನ್ನು ಇಡುವುದಿಲ್ಲ. ಆದರೆ ಅದನ್ನು ಅವಳ ಮುಖಕ್ಕೆ ಹೇಳುವ ಗಟ್ಟಿತನ ನನ್ನದಲ್ಲ. ಅಷ್ಟು ಹಸಿದವರ ಮುಂದೆ ಎಂಥ ನ್ಯಾಯ ಹೇಳುವುದು?

ಮರುದಿನ ಶಾಲೆ ಬಿಟ್ಟ ಮೇಲೆ ಅಳಿಲು ನನ್ನ ಬಾಗಿಲಲ್ಲಿ ನಿಂತಿದ್ದಳು. ಏಪ್ರನ್ ತೊಟ್ಟಿರಲಿಲ್ಲ. ನೀಟಾಗಿ ಮಡಿಸಿ ಎದೆಗೆ ಅವಚಿಕೊಂಡಿದ್ದಳು.

“ಟೀಚರ್, ನನ್ನ ಜೊತೆ ಬರ್ತೀರಾ? ನೀವೇನೂ ಮಾತಾಡೋದು ಬೇಡ. ಸುಮ್ನೆ ನಿಂತು ಕೇಳಿದ್ರೆ ಸಾಕು.”

ನಾನು ಹೋದೆ. ಹಲಗೆಯ ಆ ಬದಿಯಿಂದ ಆ ಕೋಣೆ ನನಗೆ ಸಣ್ಣದಾಗಿ ಕಂಡಿತು. ಕುರ್ಚಿಯ ಮುಂದೆ ಡೆಸ್ಕು, ಡೆಸ್ಕಿನ ಮೇಲೆ ತೆರೆದ ಡಬ್ಬಿ, ಪಕ್ಕದಲ್ಲಿ ಒಂದು ಲೋಟ ನೀರು. ಕೈ ಒರೆಸಿಕೊಳ್ಳಲು ಬಟ್ಟೆಯನ್ನೂ ಮಡಿಸಿ ಇಟ್ಟಿದ್ದಳು. ಗಂಡನಿಗೆ ಬಡಿಸಿಟ್ಟ ಊಟವೇ ಅದು. ಚರಿತ್ರೆಯ ಟೀಚರ್ ನನ್ನನ್ನು ನೋಡಿದಳು, ಮಗುವನ್ನು ನೋಡಿದಳು.

“ಬಾ, ಕೂತ್ಕೋ. ತಣ್ಣಗಾಗುತ್ತೆ.”

ಅಳಿಲು ಏಪ್ರನ್ ಅನ್ನು ಕುರ್ಚಿಯ ಮೇಲೆ ಇಟ್ಟಳು. ತಾನು ಹೋಗಿ ತರಗತಿಯಲ್ಲಿ ತನ್ನ ಜಾಗದ ಬೆಂಚಿನಲ್ಲಿ ಕೂತಳು.

“ನಾನು ನೋಡಿದ್ದು ಹೇಳ್ತೀನಿ ಟೀಚರ್. ಅದನ್ನ ನೀವು ನನ್ನ ಕೇಳೇ ಇಲ್ಲ.”

ಟೀಚರ್ ಡೆಸ್ಕಿನ ಅಂಚು ಹಿಡಿದುಕೊಂಡಳು.

“ಅವತ್ತು ಸರ್ ಬಂದ ತಕ್ಷಣ ಪರದೆ ಹಾಸ್ಕೊಂಡ್ರು. ಯಾರ ಹತ್ರಾನೂ ಜಾಸ್ತಿ ಮಾತಾಡ್ಲಿಲ್ಲ. ಹಾಡೂ ಹೇಳ್ಕೊಳ್ಳಲಿಲ್ಲ. ಮೇಲಿಂದ ನೀಲಿ ಬಳಿತಾ ಬಂದ್ರು. ಕೆಳಗೆ ಹೂವಿನ ಅಂಚು ಇತ್ತಲ್ಲ, ಅದರ ಹತ್ರ ಬಂದು ಬ್ರಷ್ ನಿಲ್ಲಿಸಿದ್ರು. ಸುಮಾರು ಹೊತ್ತು ಹಾಗೇ ಕೂತಿದ್ರು. ‘ಅಳಿಲು, ನೀರು ಗಲೀಜಾಯ್ತು, ಬದಲಾಯಿಸ್ಕೊಂಡು ಬಾ’ ಅಂದ್ರು. ನಾನು ಬಕೆಟ್ ತಗೊಂಡು ನಲ್ಲಿ ಹತ್ರ ಹೋದೆ. ಅಲ್ಲಿ ಗುಂಡ ನೀರು ಎರಚಿದ, ನಾನೂ ಎರಚಿದೆ. ಬಂದಾಗ ಸರ್ ಬಿದ್ದಿದ್ರು.” ಅವಳು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. “ಅಷ್ಟೇ ಟೀಚರ್. ಬೆಡ್‌ಶೀಟು ತರ್ತೀನಿ ಅಂತ ಅವರು ಹೇಳ್ಲಿಲ್ಲ. ನಿಮ್ಮ ಬಗ್ಗೆ ಏನೂ ಹೇಳ್ಲಿಲ್ಲ. ನಾನೇ ಕಟ್ಟಿ ಹೇಳಿದ್ದು. ನಿಮ್ಮ ಮುಖ ನೋಡಕ್ಕಾಗ್ಲಿಲ್ಲ.”

“ಹೂವಿನ ಹತ್ರ ಬ್ರಷ್ ನಿಲ್ಲಿಸಿದ್ರಾ?”

“ಹೂಂ.”

“ಯಾಕೆ? ನನ್ನ ನೆನಪಾಗಿ ನಿಲ್ಲಿಸಿದ್ರಾ? ಎದೆ ನೋವು ಬಂದು ನಿಲ್ಲಿಸಿದ್ರಾ? ಕೋಪದಲ್ಲಿದ್ರಾ?”

ಅಳಿಲು ನನ್ನ ಕಡೆ ತಿರುಗಿದಳು. ನಾನು ತಲೆಯನ್ನೂ ಆಡಿಸಲಿಲ್ಲ. ಅವಳು ಬೆಂಚಿನಿಂದ ಎದ್ದು ನಿಂತಳು, ಉತ್ತರ ಹೇಳುವ ಮಕ್ಕಳು ನಿಲ್ಲುವ ಹಾಗೆ.

“ಉಳಿದು ಬಂದಿಲ್ಲ ಟೀಚರ್.”

ಹೊರಗೆ ಯಾರೋ ಗುಡಿಸುತ್ತಿದ್ದರು. ಪೊರಕೆಯ ಸದ್ದು ಬಾಗಿಲ ತನಕ ಬಂದು ಹಿಂದೆ ಹೋಯಿತು. ಚರಿತ್ರೆಯ ಟೀಚರ್ ಕುರ್ಚಿಯ ಮೇಲಿದ್ದ ಏಪ್ರನ್ ಎತ್ತಿಕೊಂಡು ಅದರ ಮಡಿಕೆ ಬಿಚ್ಚಿದಳು. ಜೇಬಿನಿಂದ ಸವೆದ ರಬ್ಬರೊಂದು ಬಿದ್ದು ಉರುಳಿ ಬೆಂಚಿನ ಕೆಳಗೆ ಸೇರಿತು. ಯಾರೂ ಬಗ್ಗಿ ತೆಗೆಯಲಿಲ್ಲ. ಅವಳು ಏಪ್ರನ್ ಹಿಡಿದು ಮಗುವಿನ ಮುಂದೆ ಬಂದು ಮೊಣಕಾಲೂರಿ ಕೂತಳು. ಮಕ್ಕಳಿಗೆ ತೊಡಿಸುವವರ ಹಾಗೆ ಅದರ ಕತ್ತಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು.

“ಸುಳ್ಳೇ ಇರಲಿ ಪುಟ್ಟಿ. ಸುಳ್ಳು ಅಂತ ನಂಗೊತ್ತು, ಮೊದಲಿಂದಾನೂ ಗೊತ್ತು. ಊಟ ಬೇಡ, ಬಿಡು. ಒಂದೇ ಒಂದ್ಸಲ ಕುರ್ಚೀಲಿ ಕೂತ್ಕೊಂಡು ‘ಮಹಾರಾಣಿ, ಹೋಗಿ ಬರ್ತೀನಿ’ ಅಂದ್ಬಿಡು. ಅಷ್ಟೇ. ಇನ್ಯಾವತ್ತೂ ಕೇಳಲ್ಲ.”

ಅಳಿಲಿನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಇಲ್ಲ ಟೀಚರ್,” ಎಂದಳು. “ನಾನು ಕೂರಲ್ಲ.”